ನನಗೆ ಸಿಕ್ಕಿದ್ದು ಪುಸ್ತಕ

(ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೊನೆಯ ರೇಡಿಯೇಷನ್ ಮುಗಿದು ಎಂಟು ವರ್ಷ ಆಯಿತು. ಸ್ತನ ಕ್ಯಾನ್ಸರ್. ಆಪರೇಷನ್, ಕೀಮೋ, ರೇಡಿಯೇಷನ್, ಆಮೇಲೆ ದಿನಕ್ಕೊಂದು ಮಾತ್ರೆ. ನಾನು ಡಾಕ್ಟರ್ ಅಲ್ಲ, ಆ ಕಡೆಯಿಂದ ಮಾತಾಡುವುದಕ್ಕೆ ಬಂದಿಲ್ಲ. ಚಿಕಿತ್ಸೆಯೋ ಆರೈಕೆಯೋ ಕೆಲಸ ಮಾಡುತ್ತದಾ ಅಂತ ಜನರಲ್ಲೇ ಪರೀಕ್ಷಿಸಿ ನೋಡುವ ಟ್ರಯಲ್ ಒಂದಕ್ಕೆ ಸಹಿ ಹಾಕಿ, ಕೊನೆತನಕ ಇದ್ದು ಬಂದವಳು, ಅಷ್ಟೇ.

ಚಿಕಿತ್ಸೆ ಮುಗಿದು ಒಂದು ವರ್ಷ ಕಳೆದಿತ್ತು. ಫಾಲೋಅಪ್‌ಗೆ ಹೋದಾಗ ನರ್ಸ್ ಒಬ್ಬರು ಪಕ್ಕಕ್ಕೆ ಕರೆದರು. ಚಿಕಿತ್ಸೆ ಆದಮೇಲೂ ಉಳಿಯುವ ಸುಸ್ತಿನ ಬಗ್ಗೆ ಒಂದು ಸಣ್ಣ ಟ್ರಯಲ್ ನಡೀತಿದೆ, ಸೇರ್ತೀರಾ ಅಂದರು. ಒಂದು ಗುಂಪಿಗೆ ವಾರಕ್ಕೆ ಮೂರು ದಿನ ವ್ಯಾಯಾಮ ಹೇಳಿಕೊಡುತ್ತಾರೆ. ಇನ್ನೊಂದು ಗುಂಪಿಗೆ ಆರೋಗ್ಯದ ಬಗ್ಗೆ ಒಂದು ಪುಸ್ತಕ ಕೊಡುತ್ತಾರೆ. ಯಾರು ಯಾವ ಗುಂಪು ಅನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡುತ್ತದೆ.

ಮನೆಗೆ ಬಂದು ಹೇಳಿದರೆ ನನ್ನ ತಂಗಿ ಸಿಡಿದಳು. "ಅಕ್ಕಾ, ಈಗ ತಾನೆ ಆಸ್ಪತ್ರೆಯಿಂದ ಬಿಡುಗಡೆ ಸಿಕ್ಕಿದೆ. ಮತ್ತೆ ಯಾಕೆ ಅಲ್ಲಿಗೆ? ನಿನ್ನ ಮೇಲೆ ಪ್ರಯೋಗ ಮಾಡ್ತಾರಂತೆ, ನೀನೂ ಹೂಂ ಅಂತೀಯ!"

ನಾನು ಸೇರಿದೆ. ದೊಡ್ಡ ಉದ್ದೇಶ ಏನೂ ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಕೈಕಾಲು ಕಿತ್ತಿಟ್ಟ ಹಾಗೆ ಆಗುತ್ತಿತ್ತು. ವ್ಯಾಯಾಮ ಹೇಳಿಕೊಡುವವರು ಸಿಕ್ಕರೆ ಒಳ್ಳೆಯದಲ್ವಾ ಅನಿಸಿತು.

ಸಿಕ್ಕಿದ್ದು ಪುಸ್ತಕ.

ನಗಬೇಡಿ. ಅವತ್ತು ನನಗೆ ನಿಜವಾಗಲೂ ಬೇಜಾರಾಗಿತ್ತು. ತಂಗಿ ಪುಸ್ತಕ ತಿರುವಿ ಹಾಕಿ, "ಇದಕ್ಕೆ ಅಷ್ಟು ದೂರ ಹೋಗಬೇಕಿತ್ತಾ?" ಅಂದಳು. ಈ ಪುಸ್ತಕದ ಗುಂಪಿನ ಬಗ್ಗೆಯೇ ಇವತ್ತು ಮಾತಾಡಬೇಕು ಅಂದುಕೊಂಡಿದ್ದೇನೆ. ಟ್ರಯಲ್ ಅಂದಾಗ ಜನಕ್ಕೆ ಹೊಸ ಔಷಧಿ ಕಾಣುತ್ತದೆ, ಅದನ್ನು ತಗೊಳ್ಳುವವರು ಕಾಣುತ್ತಾರೆ. ಪಕ್ಕದಲ್ಲಿ ಪುಸ್ತಕ ಹಿಡಿದು ಕೂತವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ನಾವು ಆಗಲೇ ಹೊತ್ತಿರುವ ಒಂದು ಸಾಲದ ಲೆಕ್ಕ ನೋಡೋಣ.

ನನಗೆ ಆಪರೇಷನ್ ಆದಾಗ ಗಡ್ಡೆಯನ್ನು ಮಾತ್ರ ತೆಗೆದರು, ಸ್ತನ ಉಳಿಯಿತು. ಇದು ಡಾಕ್ಟರು ಮಾಡಿದ ಉಪಕಾರ ಅಂತ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು. 19ನೇ ಶತಮಾನದ ಕೊನೆಯಿಂದ ಸುಮಾರು ಮುಕ್ಕಾಲು ಶತಮಾನ, ಸ್ತನವನ್ನೂ ಅದರ ಕೆಳಗಿನ ಎದೆಯ ಮಾಂಸವನ್ನೂ ಕಂಕುಳಿನ ಗಂಟುಗಳನ್ನೂ ಒಟ್ಟಿಗೆ ತೆಗೆಯುವುದೇ ಸರಿಯಾದ ಚಿಕಿತ್ಸೆ ಅನ್ನುವ ನಂಬಿಕೆ ಇತ್ತು. ಜಾಸ್ತಿ ಕತ್ತರಿಸಿದಷ್ಟೂ ಜಾಸ್ತಿ ಬದುಕುತ್ತಾರೆ ಅನ್ನುವ ಲೆಕ್ಕ. ಅಮೆರಿಕದ ಸರ್ಜನ್ ಬರ್ನಾರ್ಡ್ ಫಿಶರ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. 1976ರಲ್ಲಿ ಅವರು ಒಂದು ಟ್ರಯಲ್ ಶುರು ಮಾಡಿದರು. ಕೆಲವರಿಗೆ ಪೂರ್ತಿ ಸ್ತನ ತೆಗೆಯುವುದು. ಉಳಿದವರಿಗೆ ಗಡ್ಡೆ ಮಾತ್ರ ತೆಗೆಯುವುದು, ಅವರಲ್ಲಿ ಅರ್ಧ ಜನಕ್ಕೆ ಜೊತೆಗೆ ರೇಡಿಯೇಷನ್. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ.

ಆ ಹೆಂಗಸರ ಜಾಗದಲ್ಲಿ ನಿಂತು ಯೋಚನೆ ಮಾಡಿ. ಸ್ತನ ಉಳಿಯುತ್ತದೋ ಹೋಗುತ್ತದೋ ಅನ್ನುವುದು ಚೀಟಿಯ ಮೇಲೆ! ಜನ ಸೇರುವುದು ಮೊದಮೊದಲು ತುಂಬಾ ನಿಧಾನವಾಗಿತ್ತಂತೆ, ಆಶ್ಚರ್ಯ ಏನಿಲ್ಲ. ಆದರೂ ಸೇರಿದರು. 1,851 ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿದ ಫಲಿತಾಂಶ 2002ರಲ್ಲಿ ಬಂತು. ಬದುಕಿ ಉಳಿಯುವ ವಿಷಯದಲ್ಲಿ ಮೂರೂ ಗುಂಪುಗಳ ನಡುವೆ ವ್ಯತ್ಯಾಸ ಇರಲಿಲ್ಲ. ರೇಡಿಯೇಷನ್ ಕೊಟ್ಟರೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿ ಬರುವುದು ಬಹಳ ಕಡಿಮೆ ಅನ್ನುವುದೂ ಗೊತ್ತಾಯಿತು. ನನ್ನ ಆಪರೇಷನ್ ಹೀಗೇ ಆಗಬೇಕು ಅಂತ ಬರೆದಿಟ್ಟವರು ಆ 1,851 ಹೆಂಗಸರು. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ.

ಇದರ ತಿರುಗುಮುರುಗಾದ ಕತೆಯೂ ಇದೆ. 1990ರ ದಶಕದಲ್ಲಿ ಇನ್ನೊಂದು ನಂಬಿಕೆ ಹಬ್ಬಿತು. ಮೈಮೂಳೆಯ ಮಜ್ಜೆ ನಾಶವಾಗುವಷ್ಟು ಜೋರಾದ ಕೀಮೋ ಕೊಟ್ಟು, ಮೊದಲೇ ತೆಗೆದಿಟ್ಟ ಅವರದೇ ಮಜ್ಜೆಯ ಕಣಗಳನ್ನು ವಾಪಸ್ ಹಾಕಿದರೆ ಮುಂದುವರಿದ ಸ್ತನ ಕ್ಯಾನ್ಸರ್ ಕೂಡ ಗುಣವಾಗುತ್ತದೆ ಅಂತ. ಕೇಳುವುದಕ್ಕೆ ಸರಿ ಅನಿಸುತ್ತದೆ ಅಲ್ವಾ? ಎಲ್ಲರಿಗೂ ಹಾಗೇ ಅನಿಸಿತು. ಟ್ರಯಲ್‌ಗೆ ಸೇರಿದರೆ ಚೀಟಿಯಲ್ಲಿ ಮಾಮೂಲಿ ಚಿಕಿತ್ಸೆ ಬಂದುಬಿಡಬಹುದು ಅನ್ನುವ ಭಯ. ಹಾಗಾಗಿ ಸಾವಿರಾರು ಹೆಂಗಸರು ಟ್ರಯಲ್‌ನ ಹೊರಗೇ ಆ ಚಿಕಿತ್ಸೆ ಮಾಡಿಸಿಕೊಂಡರು. ಟ್ರಯಲ್‌ಗಳಿಗೆ ಜನ ಸಿಗದೆ ಉತ್ತರ ಸಿಗುವುದು ವರ್ಷಗಟ್ಟಲೆ ತಡವಾಯಿತು. 1999ರಲ್ಲಿ ಐದು ಟ್ರಯಲ್‌ಗಳ ವರದಿ ಒಟ್ಟಿಗೆ ಬಂತು. ನಾಲ್ಕರಲ್ಲಿ ಲಾಭ ಕಾಣಲಿಲ್ಲ. ದಕ್ಷಿಣ ಆಫ್ರಿಕಾದಿಂದ ಬಂದ ಐದನೆಯದು ಭಾರಿ ಲಾಭ ಇದೆ ಅಂದಿತು. ಮರುವರ್ಷ ತಪಾಸಣೆಗೆ ಹೋದವರಿಗೆ ಅದರ ದಾಖಲೆಗಳೇ ಸರಿಯಿಲ್ಲ ಅಂತ ಗೊತ್ತಾಯಿತು. ಅದು ಮೋಸ.

ಪ್ರಯೋಗಕ್ಕೆ ಹೆದರಿದ ಆ ಹೆಂಗಸರು ಪ್ರಯೋಗದಿಂದ ತಪ್ಪಿಸಿಕೊಳ್ಳಲಿಲ್ಲ. ಲೆಕ್ಕ ಇಡುವವರು ಯಾರೂ ಇಲ್ಲದ ಪ್ರಯೋಗಕ್ಕೆ ಸಿಕ್ಕಿಕೊಂಡರು.

ಇದೆಲ್ಲ ಚಿಕಿತ್ಸೆಯ ಮಾತಾಯಿತು. ನಮ್ಮ ಚಿಕಿತ್ಸೆ ಮುಗಿದಿದೆ. ಈಗ ನಮಗೂ ಟ್ರಯಲ್‌ಗೂ ಏನು ಸಂಬಂಧ?

ಫಾಲೋಅಪ್‌ನಲ್ಲಿ ನೀವು ಕೇಳುವ ಪ್ರಶ್ನೆಗಳನ್ನು ನೆನಪು ಮಾಡಿಕೊಳ್ಳಿ. ಕೀಮೋ ಆದಮೇಲೆ ಪಾದದ ಜುಮ್ಮು ಹೋಗುತ್ತಾ? ಮಗು ಮಾಡಿಕೊಳ್ಳಬಹುದಾ? ಅದು ಮತ್ತೆ ಬಾರದ ಹಾಗೆ ನಾನು ಏನು ಮಾಡಬೇಕು? ಈ ಪ್ರಶ್ನೆಗಳಿಗೆ ಇಲಿಗಳು ಉತ್ತರ ಕೊಡುವುದಿಲ್ಲ. ಹೊಸದಾಗಿ ಕ್ಯಾನ್ಸರ್ ಗೊತ್ತಾದವರ ಹತ್ತಿರವೂ ಉತ್ತರ ಇಲ್ಲ. ಉತ್ತರ ಇರುವುದು ನಮ್ಮ ಮೈಯಲ್ಲಿ.

ನನಗೆ ತುಂಬಾ ಇಷ್ಟವಾದ ಒಂದು ಟ್ರಯಲ್ ಇದೆ. ಹೆಸರು ಚಾಲೆಂಜ್. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಕೀಮೋನೂ ಮುಗಿಸಿದ 889 ಜನ. ಹೆಚ್ಚಿನವರು ಕೆನಡಾ ಮತ್ತು ಆಸ್ಟ್ರೇಲಿಯಾದವರು. ಅರ್ಧ ಜನಕ್ಕೆ ಮೂರು ವರ್ಷ ವ್ಯಾಯಾಮ, ಜೊತೆಗೆ ಬೆನ್ನು ಬಿಡದೆ ಕೇಳುವ ಒಬ್ಬ ತರಬೇತುದಾರ. ಭಾರ ಎತ್ತುವುದೇನೂ ಇಲ್ಲ, ಬಹುಪಾಲು ಬಿರುಸಿನ ನಡಿಗೆಯಂಥದ್ದು. ಉಳಿದ ಅರ್ಧ ಜನಕ್ಕೆ ಸಿಕ್ಕಿದ್ದು... ಹೌದು, ಪುಸ್ತಕ! ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

2009ರಲ್ಲಿ ಶುರುವಾಗಿದ್ದು, ಫಲಿತಾಂಶ ಬಂದಿದ್ದು 2025ರಲ್ಲಿ. ಐದು ವರ್ಷ ಕಳೆದಾಗ ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 80 ಜನ ಕ್ಯಾನ್ಸರ್ ಇಲ್ಲದೆ ಬದುಕಿದ್ದರು. ಪುಸ್ತಕದ ಗುಂಪಿನಲ್ಲಿ 74. ಎಂಟು ವರ್ಷಕ್ಕೆ ನೋಡಿದರೆ ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 90 ಜನ ಜೀವಂತವಾಗಿದ್ದರು, ಪುಸ್ತಕದ ಗುಂಪಿನಲ್ಲಿ 83. ಸುಮ್ನೆ ಲಾಭ ಮಾತ್ರ ಹೇಳಬಾರದು. ಕೀಲು, ಸ್ನಾಯುಗಳ ನೋವು ವ್ಯಾಯಾಮದವರಲ್ಲೇ ಜಾಸ್ತಿ ಇತ್ತು.

ಈಗ ಆ 74ನ್ನು ಮುಚ್ಚಿಟ್ಟು ಬರೀ 80 ಅಂತ ಹೇಳಿ ನೋಡಿ. ಅದರಿಂದ ಏನು ತಿಳಿಯಿತು? ಏನೂ ಇಲ್ಲ. ಅದು ವ್ಯಾಯಾಮದಿಂದಲೋ, ಕೀಮೋದಿಂದಲೋ, ಅದೃಷ್ಟದಿಂದಲೋ ಹೇಳುವ ಹಾಗಿಲ್ಲ. 80ಕ್ಕೆ ಬೆಲೆ ಬಂದಿದ್ದು ಪುಸ್ತಕ ಹಿಡಿದು ಹೋದವರಿಂದ. ತಂಗಿಗೆ ಇದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಅಕ್ಕಾ, ಆ ಪುಸ್ತಕದವರಿಗೆ ನಷ್ಟ ಆಯ್ತಲ್ಲ?" ಅಂದಳು.

ಸರಿಯಾದ ಪ್ರಶ್ನೆ. ಇದನ್ನು ನುಣ್ಣಗೆ ಮಾಡಿ ಹೇಳಲು ನನಗೆ ಇಷ್ಟವಿಲ್ಲ. ಹೌದು, ನಷ್ಟ ಆಯಿತು. ಚೀಟಿ ಬೇರೆ ಬಂದಿದ್ದರೆ ಅವರಲ್ಲಿ ಕೆಲವರು ಇವತ್ತು ಇರುತ್ತಿದ್ದರೇನೋ. ಆದರೆ 2009ರಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಪುಸ್ತಕದವರಿಗೆ ಸಿಕ್ಕಿದ್ದು ಆವತ್ತು ಎಲ್ಲರಿಗೂ ಸಿಗುತ್ತಿದ್ದ ಆರೈಕೆಯೇ, ಅದಕ್ಕಿಂತ ಕಡಿಮೆ ಅಲ್ಲ. ಚೀಟಿ ಎತ್ತುವುದು ನ್ಯಾಯ ಆಗುವುದು ಯಾವಾಗ ಅಂದರೆ, ಯಾವುದು ಮೇಲು ಅಂತ ನಡೆಸುವವರಿಗೂ ನಿಜವಾಗಲೂ ಗೊತ್ತಿಲ್ಲದಾಗ ಮಾತ್ರ. ಗೊತ್ತಿದ್ದೂ ಚೀಟಿ ಎತ್ತಿದರೆ ಅದು ಅನ್ಯಾಯ.

ಗೊತ್ತಿದೆ ಅಂತ ಅಂದುಕೊಳ್ಳುವುದು ಎಷ್ಟು ಸುಲಭ ಅನ್ನುವುದಕ್ಕೆ ಆಸ್ಪಿರಿನ್ ಸಾಕ್ಷಿ. ಆಸ್ಪಿರಿನ್ ತಗೊಳ್ಳುವ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಮರಳುವುದು ಕಡಿಮೆ ಅಂತ ಕೆಲವು ಸಮೀಕ್ಷೆಗಳು ಹೇಳಿದ್ದವು. ನಾನೂ ಒಂದು ಡಬ್ಬಿ ತಂದಿಟ್ಟಿದ್ದೆ, ಡಾಕ್ಟರಿಗೆ ಹೇಳದೆ. ಆಮೇಲೆ ಚಿಕಿತ್ಸೆ ಮುಗಿಸಿದ 3,020 ಜನ ಒಂದು ಟ್ರಯಲ್‌ಗೆ ಸೇರಿದರು. ಅರ್ಧ ಜನಕ್ಕೆ ದಿನಕ್ಕೆ 300 ಮಿಲಿಗ್ರಾಂ ಆಸ್ಪಿರಿನ್, ಅರ್ಧ ಜನಕ್ಕೆ ನೋಡಲು ಅದೇ ತರಹದ, ಔಷಧಿ ಇಲ್ಲದ ಖಾಲಿ ಮಾತ್ರೆ. ಲಾಭ ಕಾಣುವ ಲಕ್ಷಣವೇ ಇಲ್ಲ ಅಂತ ಅದನ್ನು ಮಧ್ಯದಲ್ಲೇ ನಿಲ್ಲಿಸಿದರು. ವರದಿ 2024ರಲ್ಲಿ ಬಂತು. ಮರುವರ್ಷ ಉತ್ತರ ಯೂರೋಪಿನಿಂದ ಇನ್ನೊಂದು ವರದಿ. ಕರುಳಿನ ಕ್ಯಾನ್ಸರ್ ಇದ್ದು, ಗಡ್ಡೆಯಲ್ಲಿ ಒಂದು ನಿರ್ದಿಷ್ಟ ಜೀನ್ ಬದಲಾವಣೆ ಇರುವವರಿಗೆ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ ಮೂರು ವರ್ಷದಲ್ಲಿ ಕ್ಯಾನ್ಸರ್ ಮರಳಿದ್ದು ನೂರಕ್ಕೆ ಸುಮಾರು 8 ಜನಕ್ಕೆ. ಖಾಲಿ ಮಾತ್ರೆ ತಗೊಂಡವರಲ್ಲಿ 14. ಅದೇ ಆಸ್ಪಿರಿನ್! ಒಂದು ಕಡೆ ದಂಡ, ಇನ್ನೊಂದು ಕಡೆ ದೊಡ್ಡ ಉಪಯೋಗ. ನನ್ನ ಡಬ್ಬಿ ಕಸಕ್ಕೆ ಹೋಯಿತು.

ಎಲ್ಲ ಟ್ರಯಲ್‌ನಲ್ಲೂ ಚೀಟಿ ಇರಬೇಕು ಅಂತಿಲ್ಲ. ಪಾಸಿಟಿವ್ ಅನ್ನುವ ಟ್ರಯಲ್‌ನಲ್ಲಿ ಇರಲಿಲ್ಲ. ಸ್ತನ ಕ್ಯಾನ್ಸರ್ ಮರಳದಿರಲಿ ಅಂತ ಹಾರ್ಮೋನ್ ಮಾತ್ರೆ ತಗೊಳ್ಳುತ್ತಿದ್ದ 42 ದಾಟದ ಸುಮಾರು 500 ಹೆಂಗಸರು, ಮಗು ಬೇಕು ಅಂತ ಎರಡು ವರ್ಷದವರೆಗೆ ಮಾತ್ರೆ ನಿಲ್ಲಿಸಿದರು. ಮಗು ಬೇಕೋ ಬೇಡವೋ ಅನ್ನುವುದನ್ನು ಚೀಟಿ ಹಾಕಿ ತೀರ್ಮಾನಿಸಲು ಆಗುತ್ತದಾ? ಹಾಗಾಗಿ ಹಳೆಯ ಟ್ರಯಲ್‌ಗಳಲ್ಲಿದ್ದ ಅಂಥದೇ ಹೆಂಗಸರ ಜೊತೆ ಹೋಲಿಸಿದರು. 2023ರಲ್ಲಿ ಬಂದ ವರದಿಯ ಪ್ರಕಾರ ಮೂರು ವರ್ಷದಲ್ಲಿ ಕ್ಯಾನ್ಸರ್ ಮರಳಿದ್ದು ಎರಡೂ ಕಡೆ ನೂರಕ್ಕೆ ಸುಮಾರು 9. ಹುಟ್ಟಿದ ಮಕ್ಕಳು 365, ವರ್ಷದ ದಿನಗಳಷ್ಟು! ಮೂರು ವರ್ಷ ಸಾಲದು ಅಂತ ಆ ತಾಯಂದಿರನ್ನು ಇನ್ನೂ ಗಮನಿಸುತ್ತಿದ್ದಾರೆ.

ಇಷ್ಟು ಹೊಗಳಿದ ಮೇಲೆ ಕೆಟ್ಟದ್ದನ್ನೂ ಹೇಳಬೇಕು. ನನ್ನ ತಂಗಿಯ ಭಯ ಬುಡವಿಲ್ಲದ್ದಲ್ಲ. 1963ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಆಸ್ಪತ್ರೆಯಲ್ಲಿ 22 ಜನ ರೋಗಿಗಳಿಗೆ ಜೀವಂತ ಕ್ಯಾನ್ಸರ್ ಕಣಗಳನ್ನು ಚುಚ್ಚಿದರು. ಅದು ಕ್ಯಾನ್ಸರ್ ಕಣ ಅಂತ ಅವರಿಗೆ ಹೇಳಲೇ ಇಲ್ಲ. ಹೇಳಿದರೆ ಹೆದರುತ್ತಾರೆ ಅನ್ನುವ ಸಮಜಾಯಿಷಿ ಬೇರೆ. ಮರುವರ್ಷ, 1964ರಲ್ಲಿ, ಜಗತ್ತಿನ ವೈದ್ಯರ ಸಂಘ ಹೆಲ್ಸಿಂಕಿಯಲ್ಲಿ ಒಂದು ಘೋಷಣೆ ಮಾಡಿತು. ಸಂಶೋಧನೆಗಿಂತ ಮನುಷ್ಯನ ಹಿತ ದೊಡ್ಡದು, ತಿಳಿಸಿ ಒಪ್ಪಿಗೆ ಪಡೆಯಬೇಕು ಅನ್ನುವುದು ಅದರ ಸಾರ. ಇವತ್ತು ನಮ್ಮ ಕೈಗೆ ಕೊಡುವ ಆ ದಪ್ಪ ಒಪ್ಪಿಗೆ ಪತ್ರ ಇಂಥ ಅನ್ಯಾಯಗಳಿಂದ ಬಂದಿದ್ದು. ಯಾವಾಗ ಬೇಕಾದರೂ, ಕಾರಣ ಹೇಳದೆ ಬಿಟ್ಟುಹೋಗಬಹುದು ಅಂತ ಅದರಲ್ಲಿ ಬರೆದಿರುತ್ತದೆ.

ನಾನು ಆ ಪತ್ರವನ್ನು ಓದದೆ ಸಹಿ ಹಾಕಿದ್ದೆ. ಹದಿನೆಂಟು ಪುಟ ಇತ್ತು. ನನ್ನಷ್ಟು ಸೋಮಾರಿ ಆಗಬೇಡಿ, ಮನೆಗೆ ತಗೊಂಡು ಹೋಗಿ. ಇಲ್ಲೇ ಕೂತು ಈಗಲೇ ಸಹಿ ಹಾಕಿ ಅನ್ನುವವರಿದ್ದರೆ ಎದ್ದು ಬನ್ನಿ.

ಓದುವಾಗ ಏನು ಹುಡುಕಬೇಕು? ನಾನೀಗ ಮೊದಲು ನೋಡುವುದು ಒಂದೇ: ಯಾವುದನ್ನು ಯಾವುದರ ಜೊತೆ ಹೋಲಿಸುತ್ತಿದ್ದಾರೆ? ಅದು ಅರ್ಥವಾದರೆ ಟ್ರಯಲ್ ಏನು ಕೇಳುತ್ತಿದೆ ಅನ್ನುವುದು ಅರ್ಥವಾಯಿತು. ಆಮೇಲೆ, ಸೇರದಿದ್ದರೆ ನನಗೆ ಏನು ಸಿಗುತ್ತದೆ? ಎಷ್ಟು ಸಲ ಬರಬೇಕು, ಎಷ್ಟು ಸಲ ರಕ್ತ ಕೊಡಬೇಕು, ಓಡಾಟದ ಖರ್ಚು ಯಾರದು? ಹೆಚ್ಚುಕಡಿಮೆ ಆದರೆ ಚಿಕಿತ್ಸೆಯ ಖರ್ಚು ಯಾರು ಕೊಡುತ್ತಾರೆ? ಈ ಕೊನೆಯದನ್ನು ಕೇಳಲು ನಾಚಿಕೆ ಪಡಬೇಡಿ. ಪತ್ರದಲ್ಲಿ ಬರೆದಿರಲೇಬೇಕಾದ ವಿಷಯ ಅದು.

ಇದು ನಿಮ್ಮ ಚಿಕಿತ್ಸೆ ಅಂತ ಮಾತ್ರ ಅಂದುಕೊಳ್ಳಬೇಡಿ. ಡಾಕ್ಟರು ನಿಮಗೆ ಮಾತ್ರೆ ಬರೆದುಕೊಡುವಾಗ ಅವರ ತಲೆಯಲ್ಲಿ ನೀವೊಬ್ಬರೇ ಇರುತ್ತೀರಿ. ಟ್ರಯಲ್‌ನಲ್ಲಿ ಒಂದು ಪ್ರಶ್ನೆ ಇರುತ್ತದೆ, ಮುಂದೆ ಬರುವವರು ಇರುತ್ತಾರೆ, ಅವರ ಜೊತೆ ನೀವೂ ಇರುತ್ತೀರಿ. ನಿಮಗೆ ಲಾಭ ಆದರೆ ಸಂತೋಷ. ಆಗದೆಯೂ ಇರಬಹುದು. ಹೊಸದು ಅಂದ ಮಾತ್ರಕ್ಕೆ ಹಳೆಯದಕ್ಕಿಂತ ಮೇಲು ಅಂತ ಏನಿಲ್ಲ. ಮಜ್ಜೆಯ ಕತೆ ಕೇಳಿದಿರಲ್ಲ.

ಬಿಡುವುದರ ಬಗ್ಗೆ ಒಂದು ಮಾತು. ನನ್ನ ಜೊತೆ ಸೇರಿದ್ದ ಒಬ್ಬರು ಮಧ್ಯದಲ್ಲಿ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಪಾಪ, ಬೈಯುತ್ತಾರೆ ಅಂತ ಹೆದರಿದ್ದರಂತೆ. ಯಾರೂ ಬೈಯುವುದಿಲ್ಲ. ಆದರೆ ಒಂದು ವ್ಯತ್ಯಾಸ ಗೊತ್ತಿರಲಿ. ಮಾತ್ರೆ ನಿಲ್ಲಿಸುವುದು ಬೇರೆ, ಟ್ರಯಲ್ ಬಿಡುವುದು ಬೇರೆ. ಸೈಡ್ ಎಫೆಕ್ಟ್ ತಡೆಯಲಾರದೆ ಮಾತ್ರೆ ನಿಲ್ಲಿಸಿದರೂ, ವರ್ಷಕ್ಕೊಮ್ಮೆ "ಹೇಗಿದ್ದೀರಿ?" ಅನ್ನುವ ಫೋನಿಗೆ ಉತ್ತರ ಕೊಡುವುದನ್ನು ಮುಂದುವರಿಸಬಹುದು. ತೊಂದರೆ ಆದವರೆಲ್ಲ ಕಾಣೆಯಾದರೆ ಕೊನೆಗೆ ಲೆಕ್ಕದಲ್ಲಿ ಉಳಿಯುವುದು ಚೆನ್ನಾಗಿದ್ದವರು ಮಾತ್ರ. ಕೆಟ್ಟ ಔಷಧಿಯೂ ಒಳ್ಳೆಯದಾಗಿ ಕಾಣುತ್ತದೆ.

ಇನ್ನು ನನ್ನದೇ ಒಂದು ದೂರು. ನಾನಿದ್ದ ಟ್ರಯಲ್ ಮುಗಿದ ಮೇಲೆ ಏನು ತಿಳಿಯಿತು ಅಂತ ನಮಗೆ ಯಾರೂ ಹೇಳಲಿಲ್ಲ. ಒಂದು ಕಾಗದ ಇಲ್ಲ, ಒಂದು ಫೋನ್ ಇಲ್ಲ. ಎರಡು ಸಲ ಕೇಳಿದೆ, "ಬರುತ್ತೆ ಬರುತ್ತೆ" ಅಂದರು. ಸುಸ್ತಾಗಿದ್ದಾಗಲೂ ಹೋಗಿ ಉದ್ದುದ್ದದ ಪ್ರಶ್ನೆಪತ್ರಿಕೆ ತುಂಬಿದವಳು ನಾನು. ಉತ್ತರ ಕೇಳುವ ಹಕ್ಕು ನನಗಿಲ್ವಾ? ನೀವು ಸಹಿ ಹಾಕುವ ಮೊದಲೇ ಕೇಳಿ: ಫಲಿತಾಂಶ ನಮಗೆ ಹೇಗೆ ತಿಳಿಸುತ್ತೀರಿ?

(ಇಲ್ಲಿಂದ ಮುಂದೆ ಪ್ರಶ್ನೆಗಳು.)

ಖಾಲಿ ಮಾತ್ರೆ ಕೊಟ್ಟು ನಮ್ಮನ್ನು ಸಾಯಲು ಬಿಡುತ್ತಾರಾ ಅಂತ ಹಿರಿಯರೊಬ್ಬರು ನೇರವಾಗಿ ಕೇಳಿದರು. ಇಲ್ಲ. ಕೆಲಸ ಮಾಡುವ ಚಿಕಿತ್ಸೆ ಇರುವಾಗ ಅದನ್ನು ಕಿತ್ತುಕೊಂಡು ಖಾಲಿ ಮಾತ್ರೆ ಕೊಡಲು, ಟ್ರಯಲ್‌ಗೆ ಅನುಮತಿ ಕೊಡುವ ನೈತಿಕ ಸಮಿತಿ ಒಪ್ಪುವುದಿಲ್ಲ. ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಖಾಲಿ ಮಾತ್ರೆ ಇದ್ದರೆ ಅದು ಸಾಮಾನ್ಯವಾಗಿ ಮಾಮೂಲಿ ಚಿಕಿತ್ಸೆಯ ಜೊತೆಗೆ ಇರುತ್ತದೆ, ಇಲ್ಲವೇ ಮಾಮೂಲಿಯಾಗಿ ಏನೂ ಕೊಡದ ಹಂತದಲ್ಲಿ ಇರುತ್ತದೆ. ದೊಡ್ಡ ಟ್ರಯಲ್‌ಗಳಿಗೆ ಬೇರೆಯದೇ ಒಂದು ಸ್ವತಂತ್ರ ಸಮಿತಿಯೂ ಇರುತ್ತದೆ. ಮಧ್ಯೆ ಮಧ್ಯೆ ಅಂಕಿಅಂಶ ನೋಡಿ, ಒಂದು ಗುಂಪಿಗೆ ಹಾನಿ ಆಗುತ್ತಿದ್ದರೆ ನಿಲ್ಲಿಸಿ ಅಂತ ಹೇಳುವುದು ಅದರ ಕೆಲಸ.

ಎರಡನೆಯದು ಒಬ್ಬ ಹುಡುಗಿಯದು. ಅವಳಿಗೆ ಚಿಕ್ಕಂದಿನಲ್ಲಿ ರಕ್ತದ ಕ್ಯಾನ್ಸರ್ ಆಗಿತ್ತು. ಈಗ ಬೇರೆ ಯಾವುದೋ ಕಾಯಿಲೆಯ ಟ್ರಯಲ್‌ಗೆ ಹೋದರೆ ಹಳೆಯ ಕ್ಯಾನ್ಸರ್ ಇದೆ ಅಂತ ಬಾಗಿಲಲ್ಲೇ ವಾಪಸ್ ಕಳಿಸಿದರಂತೆ. ಇದು ನನಗೂ ಸಿಟ್ಟು ಬರಿಸುವ ವಿಷಯ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನ 51 ಟ್ರಯಲ್‌ಗಳ ನಿಯಮಗಳನ್ನು ಪರಿಶೀಲಿಸಿ 2014ರಲ್ಲಿ ಒಂದು ವರದಿ ಪ್ರಕಟಿಸಿದರು. ಹಿಂದೆ ಬೇರೆ ಕ್ಯಾನ್ಸರ್ ಆಗಿದ್ದವರನ್ನು ಅವುಗಳಲ್ಲಿ ಶೇಕಡಾ 80ರಷ್ಟು ಟ್ರಯಲ್‌ಗಳು ಹೊರಗಿಟ್ಟಿದ್ದವು. ಹಳೆಯ ಕ್ಯಾನ್ಸರ್ ಮರಳಿ ಲೆಕ್ಕ ಕೆಡಿಸುತ್ತದೆ ಅನ್ನುವ ಅಂಜಿಕೆ. ಬಹಳ ಸಲ ಹಳೆಯ ಟ್ರಯಲ್‌ನ ನಿಯಮವನ್ನು ಹಾಗೇ ಹೊಸದಕ್ಕೆ ಅಂಟಿಸಿಬಿಡುತ್ತಾರೆ, ಅಷ್ಟೇ. 2017ರಿಂದ ಅಲ್ಲಿನ ಕ್ಯಾನ್ಸರ್ ತಜ್ಞರ ಸಂಘಟನೆಯೇ ಇದನ್ನು ಸಡಿಲ ಮಾಡಿ ಅನ್ನುತ್ತಿದೆ. ನಾನು ಅವಳಿಗೆ ಹೇಳಿದ್ದು ಇಷ್ಟು: ನಿಯಮವನ್ನು ಪೂರ್ತಿ ತೋರಿಸಿ ಅಂತ ಕೇಳು. ಎಷ್ಟೋ ಕಡೆ ಇಷ್ಟು ವರ್ಷದೊಳಗೆ ಕ್ಯಾನ್ಸರ್ ಆಗಿದ್ದವರು ಬೇಡ ಅಂತ ಮಾತ್ರ ಇರುತ್ತದೆ. ನಿನ್ನ ಚಿಕಿತ್ಸೆ ಮುಗಿದ ತಾರೀಖು ತೋರಿಸಿದರೆ ಬಾಗಿಲು ತೆರೆದರೂ ತೆರೆಯಬಹುದು.

ಆ ತಾರೀಖೇ ಅವಳ ಹತ್ತಿರ ಇರಲಿಲ್ಲ. ಹಾಗಾಗಿ ಮೂರನೆಯ ಪ್ರಶ್ನೆ, ಏನೇನು ಕಾಗದ ಇಟ್ಟುಕೊಳ್ಳಬೇಕು ಅನ್ನುವುದು, ತಾನಾಗೇ ಬಂತು. ಆಪರೇಷನ್‌ನ ವರದಿ, ಗಡ್ಡೆಯನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಪೆಥಾಲಜಿ ವರದಿ, ಯಾವ ಕೀಮೋ ಔಷಧಿ ಒಟ್ಟು ಎಷ್ಟು ಕೊಟ್ಟರು, ರೇಡಿಯೇಷನ್ ಯಾವ ಜಾಗಕ್ಕೆ ಎಷ್ಟು, ಮೊದಲ ದಿನ ಮತ್ತು ಕೊನೆಯ ದಿನ. ಇವು ಒಂದು ಫೈಲಿನಲ್ಲಿರಲಿ, ಫೋನಿನಲ್ಲೂ ಫೋಟೋ ಇರಲಿ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ನಿಮ್ಮಿಂದ ತೆಗೆದ ಗಡ್ಡೆಯ ತುಂಡನ್ನು ಮೇಣದಲ್ಲಿ ಹುದುಗಿಸಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಅದನ್ನು ಬ್ಲಾಕ್ ಅನ್ನುತ್ತಾರೆ. ಆ ಆಸ್ಪಿರಿನ್ ಟ್ರಯಲ್‌ನ ಹಾಗೆ ಜೀನ್ ನೋಡಿ ಸೇರಿಸಿಕೊಳ್ಳುವ ಕಡೆಗಳಲ್ಲಿ ಅದನ್ನೇ ಮೊದಲು ಕೇಳುತ್ತಾರೆ. ಲ್ಯಾಬುಗಳು ಅದನ್ನು ಎಲ್ಲ ಕಾಲಕ್ಕೂ ಇಟ್ಟುಕೊಳ್ಳುವುದಿಲ್ಲ. ನಿಮ್ಮದು ಯಾವ ಲ್ಯಾಬಿನಲ್ಲಿದೆ, ಎಷ್ಟು ವರ್ಷ ಇಡುತ್ತಾರೆ ಅಂತ ಮುಂದಿನ ಫಾಲೋಅಪ್‌ನಲ್ಲಿ ಕೇಳಿ, ಬ್ಲಾಕ್ ನಂಬರನ್ನು ಆ ಫೈಲಿನ ಮೇಲೇ ಬರೆದುಕೊಳ್ಳಿ.